ತೆಂಕಪೇಟೆಯ ಹಾರ್ಮೋನಿಯಂ ರಿಪೇರಿ, ಅಂಬಾಲದ ತಿದಿ

ಮೊದಲು ಲೆಕ್ಕ ಹೇಳಿ ಮುಗಿಸುತ್ತೇನೆ, ಆಮೇಲೆ ಕತೆ. ಐದರಲ್ಲಿ ನಾಲ್ಕು ಸ್ಟಾರ್. ಹಾರ್ಮೋನಿಯಂನ ತಿದಿ, ಅಂದರೆ ಗಾಳಿ ತುಂಬುವ ಮಡಿಕೆಚೀಲ, ಬದಲಿಸಿದ್ದಕ್ಕೆ 2,200, ಶ್ರುತಿ ಮಾಡಿದ್ದಕ್ಕೆ 1,800, ಸ್ಪ್ರಿಂಗು, ಫೆಲ್ಟು ಅಂತ 400. ಒಟ್ಟು 4,400 ರೂಪಾಯಿ. ಮೊದಲ ದಿನ ಹೇಳಿದ್ದು "ಮೂರು ಸಾವಿರದ ಒಳಗೇ ಆಗ್ತದೆ ಟೀಚರೇ" ಅಂತ. ಹತ್ತು ದಿನಕ್ಕೆ ಕೊಡ್ತೇನೆ ಎಂದದ್ದು ಹತ್ತೊಂಬತ್ತನೆಯ ದಿನ ಕೈಗೆ ಬಂತು. ಫೋನಂತೂ ಎತ್ತುವುದೇ ಇಲ್ಲ. ಹೀಗಿದ್ದೂ ನಾಲ್ಕು ಸ್ಟಾರ್ ಯಾಕೆ ಅಂದರೆ ಸ್ವಲ್ಪ ಉದ್ದಕ್ಕೆ ಹೇಳಬೇಕಾಗುತ್ತದೆ.

ಅಂಗಡಿಗೆ ಬೋರ್ಡಿಲ್ಲ. ಉಡುಪಿ ತೆಂಕಪೇಟೆಯಲ್ಲಿ ಒಂದು ಓಣಿಯೊಳಗೆ ಹೋದರೆ ಬಾಗಿಲ ಮೇಲೆ ಹಳೆಯ ಹಾರ್ಮೋನಿಯಂ ಮುಚ್ಚಳವೊಂದನ್ನು ಮೊಳೆಗೆ ತೂಗು ಹಾಕಿದ್ದಾರೆ, ಅದೇ ಗುರುತು. ಕಾರು ಒಳಗೆ ಹೋಗುವುದಿಲ್ಲ. ರಾಜಾಂಗಣದ ಹತ್ತಿರ ಪಾರ್ಕಿಂಗಿನಲ್ಲಿ ನಿಲ್ಲಿಸಿ ಪೆಟ್ಟಿಗೆ ಹೊತ್ತುಕೊಂಡೇ ಬರಬೇಕು. ನಮ್ಮದು ಡಬಲ್ ರೀಡಿನ ಹಳೇ ತೇಗದ ಪೆಟ್ಟಿಗೆ, ಭಾರ ಕೇಳಬೇಡಿ. ನಾನು ಮತ್ತು ನನ್ನ ತಂಗಿಯ ಮಗ ಇಬ್ಬರು ಸೇರಿ ಹೊತ್ತೆವು. ದಾರಿಯಲ್ಲಿ ಎರಡು ಸಲ ಕೆಳಗಿಟ್ಟು ಉಸಿರು ಬಿಟ್ಟೆವು.

ಪೆಟ್ಟಿಗೆ ಕಡಿಯಾಳಿಯ ನಮ್ಮ ಮಹಿಳಾ ಭಜನೆ ಗುಂಪಿನದು. ಗುಂಪಿನದು ಅನ್ನುವುದಕ್ಕಿಂತ ನನ್ನ ಅಜ್ಜನದು, ಅಂದರೆ ಅಮ್ಮನ ಅಪ್ಪನದು. ಅವರ ನಂತರ ಅಮ್ಮನಿಗೆ ಬಂತು, ಅಮ್ಮನಿಂದ ಗುಂಪಿಗೆ. ಕಳೆದ ಒಂದು ವರ್ಷದಿಂದ ಅದಕ್ಕೆ ದಮ್ಮಿನ ತೊಂದರೆ. ಒಂದು ದೇವರನಾಮದ ಪಲ್ಲವಿ ಮುಗಿಯುವುದರೊಳಗೆ ಗಾಳಿ ಖಾಲಿ. ನುಡಿಸುವವಳು ಎಡಗೈಯಲ್ಲಿ ಬೀಸಣಿಗೆ ಬೀಸಿದ ಹಾಗೆ ತಿದಿ ಹೊಡೆಯುತ್ತಾ ಇರಬೇಕು, ಇಲ್ಲದಿದ್ದರೆ ಸ್ವರ ಕುಸಿಯುತ್ತದೆ. ನವರಾತ್ರಿಗೆ ಮೊದಲು ಸರಿ ಮಾಡಿಸಬೇಕು ಅಂತ ಮೊದಲು ಮಂಗಳೂರಿನ ಒಂದು ದೊಡ್ಡ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಅಲ್ಲಿಯ ಹುಡುಗ ಮುಚ್ಚಳ ಕೂಡ ತೆಗೆಯದೆ "ಇದಕ್ಕೆ ಖರ್ಚು ಮಾಡುವುದು ವೇಸ್ಟ್ ಮ್ಯಾಡಮ್, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ತಗೊಳ್ಳಿ" ಅಂದ. ಶ್ರುತಿಪೆಟ್ಟಿಗೆಯಲ್ಲಿ ರಾಗ ನುಡಿಸುವುದು ಹೇಗೆ ಅಂತ ಕೇಳಿದೆ. ಉತ್ತರ ಬರಲಿಲ್ಲ.

ತೆಂಕಪೇಟೆಯಲ್ಲಿ ಹಾಗಲ್ಲ. ರಿಪೇರಿ ಮಾಡುವ ಆಚಾರ್ರಿಗೆ ಎಪ್ಪತ್ತರ ಹತ್ತಿರ ಇರಬಹುದು. ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ಸ್ಟಾಪರ್ ಎಲ್ಲ ಒಳಗೆ ತಳ್ಳಿ, ತಿದಿ ಹೊಡೆದು ಗಾಳಿ ತುಂಬಿಸಿದರು. ಆಮೇಲೆ ಕೈ ಬಿಟ್ಟು ಸುಮ್ಮನೆ ಕಿವಿ ಕೊಟ್ಟು ಕೂತರು. ಓಣಿಯಲ್ಲಿ ಸ್ಕೂಟರ್ ಹೋಯಿತು, ಮುಗಿಯುವವರೆಗೆ ಕಾದು ಮತ್ತೆ ಗಾಳಿ ತುಂಬಿಸಿದರು. ನಂತರ ಒಂದು ಊದುಬತ್ತಿ ಹಚ್ಚಿ ತಿದಿಯ ಮಡಿಕೆಗಳ ಉದ್ದಕ್ಕೂ, ಮೂಲೆ ಮೂಲೆಗೆ ನಿಧಾನವಾಗಿ ಹಿಡಿಯುತ್ತಾ ಬಂದರು. ಹೊಗೆ ನೆಟ್ಟಗೆ ಏರುತ್ತಿದ್ದದ್ದು ಬಲಬದಿಯ ಮೂರನೆಯ ಮಡಿಕೆಯ ಹತ್ತಿರ ಪಕ್ಕಕ್ಕೆ ಚಿಮ್ಮಿತು. ಪೆನ್ಸಿಲಿನಲ್ಲಿ ಗುರುತು ಹಾಕಿದರು. ಹೀಗೆ ಏಳು ಕಡೆ.

ನನಗೆ ಮೈ ಜುಮ್ಮೆಂದಿತು. ಯಾಕೆಂದರೆ ಇದೇ ಪೆಟ್ಟಿಗೆಗೆ, ಇದೇ ರೀತಿ ಊದುಬತ್ತಿ ಹಿಡಿಯುತ್ತಿದ್ದ ಇನ್ನೊಬ್ಬರನ್ನು ನಾನು ಐದನೇ ಕ್ಲಾಸಿನಲ್ಲಿರುವಾಗ ನೋಡಿದ್ದೆ.

ಆಚಾರ್ರು ಎಡಮೂಲೆಗೆ ಬಂದಾಗ ನಿಂತರು. ಕನ್ನಡಕ ಹಣೆಗೆ ಏರಿಸಿ, ಬೆರಳಲ್ಲಿ ಸವರಿ ನೋಡಿ ಕೇಳಿದರು, "ಟೀಚರೇ, ಈ ಪ್ಯಾಚು ಯಾರು ಹಾಕಿದ್ದು?"

ಮೂಲೆಯಲ್ಲಿ ತ್ರಿಕೋನಾಕಾರದ ಒಂದು ತುಂಡು. ಬಟ್ಟೆ, ಆದರೆ ಬಟ್ಟೆಯಲ್ಲ. ರಬ್ಬರು ಬಳಿದ ಹಾಗೆ ಒಂದು ಬದಿ ಕಪ್ಪು.

"ಯಾಕೆ, ಸರಿ ಇಲ್ವಾ?"

"ಸರಿ ಇಲ್ಲ ಅಂತಲ್ಲ. ನಮ್ಮವರು ಹೀಗೆ ಮಡಚುವುದಿಲ್ಲ. ನಾವು ಮೂಲೆಗೆ ಆಡಿನ ಚರ್ಮ ಹಾಕಿ ಸರೇಸಿನಲ್ಲಿ ಅಂಟಿಸ್ತೇವೆ, ಅಷ್ಟೆ. ಇವರು ಮೂಲೆಯನ್ನು ಒಳಗೆ ಎರಡು ಸಲ ಮಡಚಿದ್ದಾರೆ ನೋಡಿ. ಇದು ಹಾರ್ಮೋನಿಯಂನವರ ಕೈ ಅಲ್ಲ ಮಾರಾಯ್ರೆ. ಬೇರೆ ಎಂತದೋ ತಿದಿ ಮಾಡಿದವರ ಕೈ."

ನಾನು ಅಲ್ಲೇ ಸ್ಟೂಲಿನ ಮೇಲೆ ಕೂತೆ. "ಅದು ನನ್ನ ಅಜ್ಜ. ಎರಡನೇ ಮಹಾಯುದ್ಧದ ಕಾಲದಲ್ಲಿ ಪಂಜಾಬಿನ ಅಂಬಾಲದಲ್ಲಿ ವಿಮಾನದ ತಿದಿ ರಿಪೇರಿ ಮಾಡ್ತಿದ್ದರು" ಅಂದೆ.

"ವಿಮಾನಕ್ಕೆ ಎಂತ ತಿದಿ?" ಅಂದರು ಆಚಾರ್ರು. ಮುಂದಿನ ಒಂದು ಗಂಟೆ ಅಂಗಡಿಯಲ್ಲಿ ಕೆಲಸ ಆಗಲಿಲ್ಲ. ಹತ್ತೊಂಬತ್ತು ದಿನ ಆದದ್ದರಲ್ಲಿ ನನ್ನ ಪಾಲೂ ಸ್ವಲ್ಪ ಉಂಟು ಅಂತ ಒಪ್ಪಿಕೊಳ್ಳಬೇಕು.

ಅಜ್ಜ ಸೈನ್ಯಕ್ಕೆ ಸೇರಿದ್ದು 1943ರಲ್ಲಿ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಉಡುಪಿಗೆ ರೈಲಿಲ್ಲ. ಮಂಗಳೂರಿಗೆ ಹೋಗುವುದೇ ಒಂದು ಪ್ರಯಾಣ. ಕೂಳೂರಿನಲ್ಲಿ ಸೇತುವೆ ಇರಲಿಲ್ಲ, ಹೊಳೆ ದಾಟಿ ಆಚೆ ಬದಿ ಬೇರೆ ಬಸ್ಸು ಹತ್ತಬೇಕು. ಬಜಪೆಯಲ್ಲಿ ವಿಮಾನ ಇಳಿದದ್ದೇ 1951ರಲ್ಲಿ. ಹಾಗಾಗಿ ವಾಯುಪಡೆಗೆ ಸೇರುವ ದಿನದವರೆಗೆ ಅಜ್ಜ ವಿಮಾನವನ್ನು ಹತ್ತಿರದಿಂದ ನೋಡಿರಲಿಲ್ಲ. ಕೈಗಡಿಯಾರ ಬಿಚ್ಚಿ ಜೋಡಿಸುವ ಹುಚ್ಚಿತ್ತು, ಇಂಗ್ಲಿಷು ಬರುತ್ತಿತ್ತು. ಅಷ್ಟಕ್ಕೇ ಇನ್‌ಸ್ಟ್ರುಮೆಂಟ್ ರಿಪೇರರ್, ಅಂದರೆ ಉಪಕರಣ ರಿಪೇರಿಯ ಕೆಲಸಕ್ಕೆ ಆರಿಸಿದರಂತೆ.

ಆಗ ವಾಯುಪಡೆಗೆ ಜನ ಎಷ್ಟು ಬೇಕಾಗಿತ್ತೆಂದರೆ, 1939ರಲ್ಲಿ ಯುದ್ಧ ಶುರುವಾಗುವಾಗ ಭಾರತೀಯ ವಾಯುಪಡೆಯಲ್ಲಿ ಇದ್ದವರು 16 ಅಧಿಕಾರಿಗಳು ಮತ್ತು 144 ಸಿಬ್ಬಂದಿ. ಒಂದೇ ಒಂದು ಸ್ಕ್ವಾಡ್ರನ್, ಅಂದರೆ ವಿಮಾನದಳ. ಯುದ್ಧ ಮುಗಿಯುವಾಗ ಒಂಬತ್ತು ಸ್ಕ್ವಾಡ್ರನ್, ಸುಮಾರು 28,500 ಜನ. ಆರು ವರ್ಷದಲ್ಲಿ ಇಷ್ಟು ಜನರನ್ನು ತಯಾರು ಮಾಡಬೇಕಾದರೆ ಕಲಿಸುವ ಕಾರ್ಖಾನೆಯೇ ಬೇಕು. ಅದನ್ನು ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ್ದರು. ಪೈಲಟ್ ಆಗಲು ಬಂದ ಹುಡುಗ ಮೊದಲು ಲಾಹೋರಿನ ವಾಲ್ಟನ್‌ನಲ್ಲಿ ಕವಾಯತು, ಮೋರ್ಸ್, ದಿಕ್ಕು ಲೆಕ್ಕ ಕಲಿಯಬೇಕು. ಅಲ್ಲಿಂದ ಹೈದರಾಬಾದಿನ ಬೇಗಂಪೇಟೆಗೋ ಜೋಧ್‌ಪುರಕ್ಕೋ ಹೋಗಿ ಟೈಗರ್ ಮಾತ್ ಹಾರಿಸಬೇಕು. ಬಟ್ಟೆ ಹೊದಿಸಿದ ಎರಡು ಜೋಡಿ ರೆಕ್ಕೆಯ ಹಗುರ ವಿಮಾನ ಅದು, 130 ಅಶ್ವಶಕ್ತಿಯ ಎಂಜಿನ್. ಮುಂದೆ ಮೇಷ್ಟ್ರು, ಹಿಂದೆ ಶಿಷ್ಯ, ನಡುವೆ ಮಾತಾಡಲು ಒಂದು ಕೊಳವೆ. ಅದರಲ್ಲಿ ಪಾಸಾದವರು ಅಂಬಾಲಕ್ಕೆ.

ಅಂಬಾಲದ್ದು 1ನೇ ಸರ್ವಿಸ್ ಫ್ಲೈಯಿಂಗ್ ಟ್ರೇನಿಂಗ್ ಸ್ಕೂಲ್. ಅಲ್ಲಿ ಮೊದಲು ಹಾರ್ಟ್, ಆಡಾಕ್ಸ್ ಅಂತ ಎರಡಂತಸ್ತಿನ ರೆಕ್ಕೆಯ ಹಳೇ ವಿಮಾನಗಳು, ಆಮೇಲೆ ಅಮೆರಿಕದ ಹಾರ್ವರ್ಡ್. ಹಾರ್ವರ್ಡ್ ಮೇಲೇರುವಾಗ ಅದರ ಪಂಖದ ತುದಿಯಿಂದ ಬರುವ ಕರ್ಕಶ ಶಬ್ದವನ್ನು ಅಜ್ಜ ಎಂಬತ್ತರ ವಯಸ್ಸಿನಲ್ಲೂ ಗಂಟಲಿನಲ್ಲಿ ಅನುಕರಿಸಿ ಮೊಮ್ಮಕ್ಕಳನ್ನು ಹೆದರಿಸುತ್ತಿದ್ದರು. ಅಂಬಾಲ ದಾಟಿದವರು ರಿಸಾಲ್‌ಪುರ, ಪೇಶಾವರ ಕಡೆಯ ಆಪರೇಷನಲ್ ಟ್ರೇನಿಂಗ್ ಯೂನಿಟ್ಟಿಗೆ ಹೋಗಿ ಹರಿಕೇನ್‌ನಂಥ ಯುದ್ಧವಿಮಾನ ಕಲಿತು ಬರ್ಮಾ ಗಡಿಗೆ. ಅಜ್ಜ ಮಾತ್ರ ಎಲ್ಲಿಗೂ ಹೋಗಲಿಲ್ಲ. ಅಂಬಾಲದಲ್ಲೇ ಒಂದು ಕೋಣೆಯಲ್ಲಿ, ಹಾರದ ವಿಮಾನದ ಜೊತೆ ಯುದ್ಧ ಕಳೆದರು.

ಹಾರದ ವಿಮಾನದ ಹೆಸರು ಲಿಂಕ್ ಟ್ರೇನರ್. ಆಚಾರ್ರು ಕುರ್ಚಿ ಮುಂದೆ ಎಳೆದುಕೊಂಡದ್ದು ಇಲ್ಲಿ. ಯಾಕೆಂದರೆ ಅದನ್ನು ಮಾಡಿದ ಎಡ್ವಿನ್ ಲಿಂಕ್ ಅನ್ನುವವನು ಅಮೆರಿಕದ ಬಿಂಗಮ್ಟನ್ ಊರಿನವನು, ಅವನ ಮನೆಯವರದ್ದು ಪಿಯಾನೊ ಮತ್ತು ಆರ್ಗನ್ ಮಾಡುವ ಕಾರ್ಖಾನೆ. ಹಾರಲು ಕಲಿಯುವ ಆಸೆ, ಆದರೆ ಫೀಸು ಜಾಸ್ತಿ. 1929ರಲ್ಲಿ ಆರ್ಗನ್ನಿನ ತಿದಿಗಳನ್ನೇ ಜೋಡಿಸಿ ನೆಲದ ಮೇಲೆ ಓಲಾಡುವ ಪುಟ್ಟ ವಿಮಾನ ಮಾಡಿದ. ಸೈನ್ಯದವರು ಮೊದಲು ಕಣ್ಣೆತ್ತಿ ನೋಡಲಿಲ್ಲ. ಮಕ್ಕಳು ಆಡುವ ಪಾರ್ಕುಗಳಿಗೆ ಮಾರಿದ. 1934ರಲ್ಲಿ ಅಮೆರಿಕದ ಸೈನ್ಯಕ್ಕೆ ಟಪಾಲು ಸಾಗಿಸುವ ಕೆಲಸ ಬಿತ್ತು. ಚಳಿಗಾಲದ ಕೆಟ್ಟ ಹವೆಯಲ್ಲಿ, ಉಪಕರಣ ನೋಡಿ ಹಾರಿಸಲು ಗೊತ್ತಿಲ್ಲದೆ ಪೈಲಟ್‌ಗಳು ಒಬ್ಬರ ಹಿಂದೆ ಒಬ್ಬರು ಸತ್ತರು. ಆಗ ಬುದ್ಧಿ ಬಂದು ಆರು ಲಿಂಕ್ ಟ್ರೇನರ್ ಕೊಂಡರು. ಯುದ್ಧದ ಹೊತ್ತಿಗೆ ಅದು ಮಿತ್ರದೇಶಗಳ ಶಾಲೆಗಳಲ್ಲೆಲ್ಲ ಕಾಣುವ ವಸ್ತು. ಹತ್ತು ಸಾವಿರಕ್ಕೂ ಹೆಚ್ಚು ತಯಾರಾದವು.

"ಹಾಗಾದರೆ ಹಾರ್ಮೋನಿಯಂನ ಚಿಕ್ಕಪ್ಪನ ಮಗ" ಅಂದರು ಆಚಾರ್ರು.

ಆದರೆ ಒಂದು ವ್ಯತ್ಯಾಸ ಉಂಟು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳಾದ್ದರಿಂದ ಅದನ್ನು ಹೇಳದೆ ಬಿಡಲಾರೆ. ಹಾರ್ಮೋನಿಯಂನದ್ದು ಊದುವ ತಿದಿ, ಲಿಂಕ್‌ನದ್ದು ಹೀರುವ ತಿದಿ. ಅದರ ಕೆಳಗೆ ಒಂದು ಪಂಪು ಸದಾ ಗಾಳಿ ಹೀರುತ್ತಿರುತ್ತದೆ. ಪ್ಲೈವುಡ್ಡಿನ ಪುಟ್ಟ ವಿಮಾನ, ನೀಲಿ ಮೈ, ಹಳದಿ ರೆಕ್ಕೆ, ನಾಲ್ಕು ತಿದಿಗಳ ಮೇಲೆ ಕೂತಿರುತ್ತದೆ. ಹುಡುಗ ಒಳಗೆ ಕೂತು ಕೋಲನ್ನು ಎಡಕ್ಕೆ ವಾಲಿಸಿದರೆ ಒಂದು ವಾಲ್ವು ತೆರೆದು ಎಡಬದಿಯ ತಿದಿಯ ಗಾಳಿ ಹೀರಿಹೋಗುತ್ತದೆ, ಅದು ಕುಗ್ಗುತ್ತದೆ, ವಿಮಾನ ಎಡಕ್ಕೆ ಬಾಗುತ್ತದೆ. ಮುಂದಿನದು ಕುಗ್ಗಿದರೆ ಮೂತಿ ಕೆಳಗೆ. ಇದಲ್ಲದೆ ಇಡೀ ವಿಮಾನವನ್ನು ಸುತ್ತ ತಿರುಗಿಸಲು ಬೇರೆಯೇ ಒಂದು ಮೋಟಾರು. ವಿದ್ಯುತ್ತಿನದ್ದಲ್ಲ, ಹತ್ತು ಸಣ್ಣ ತಿದಿಗಳು ಒಂದಾದ ಮೇಲೊಂದು ಕುಗ್ಗಿ ಹಿಗ್ಗಿ ಕ್ರ್ಯಾಂಕನ್ನು ತಿರುಗಿಸುವುದು. ತಾನಾಗಿ ನುಡಿಯುವ ಪಿಯಾನೊದಿಂದ ಎತ್ತಿಕೊಂಡ ಉಪಾಯ ಅದು. ಒಂದು ತಿದಿ ಸೋರಿದರೂ ವಿಮಾನ ಕುಂಟಿ ಕುಂಟಿ ತಿರುಗುತ್ತದೆ.

ಅಜ್ಜನ ಕೆಲಸ ಈ ಸೋರುವಿಕೆ ಹುಡುಕುವುದು. ಹೀರುವ ತಿದಿಯಾದ್ದರಿಂದ ಅಲ್ಲಿ ಹೊಗೆ ಹೊರಗೆ ಚಿಮ್ಮುವುದಿಲ್ಲ, ಒಳಗೆ ಎಳೆದುಕೊಳ್ಳುತ್ತದೆ. ಮನೆಯಿಂದ ತಮ್ಮ ಅಮ್ಮ ಕಳಿಸಿದ ಊದುಬತ್ತಿ ಕಟ್ಟನ್ನು ದೇವರಿಗೆ ಹಚ್ಚುವ ಬದಲು ಅದಕ್ಕೇ ಖರ್ಚು ಮಾಡಿದೆ ಅಂತ ಅಜ್ಜ ನಗುತ್ತಿದ್ದರು. ಪಂಜಾಬಿನ ಒಣ ಬಿಸಿಲಿಗೆ ತಿದಿಯ ಬಟ್ಟೆ ಮಡಿಕೆ ಮಡಿಕೆಗೆ ಬಿರುಕು ಬಿಡುವುದು, ಮೂಲೆಗಳು ಮೊದಲು. ಮೂಲೆಯನ್ನು ಎರಡು ಸಲ ಒಳಕ್ಕೆ ಮಡಚಿ ಅಂಟಿಸಿದರೆ ಬಾಳಿಕೆ ಬರುತ್ತದೆ ಅಂತ ಅಲ್ಲೇ ಕಂಡುಕೊಂಡದ್ದು. ಆಚಾರ್ರ ಬೆರಳಿಗೆ ಸಿಕ್ಕಿದ್ದು ಆ ಮಡಿಕೆ.

ಲಿಂಕ್‌ನ ಮೇಲೆ ಒಂದು ಮುಚ್ಚಳ ಉಂಟು. ಅದು ಮುಚ್ಚಿದರೆ ಒಳಗೆ ಕತ್ತಲೆ, ಉಪಕರಣಗಳ ಮುಳ್ಳು ಮಾತ್ರ ಕಾಣುವುದು. ಮೋಡದೊಳಗೆ ಹಾರುವುದನ್ನು ಅಲ್ಲಿ ಕಲಿಸುತ್ತಿದ್ದರು. ಬರ್ಮಾದ ಮಳೆಗಾಲಕ್ಕೆ ಹೋಗುವ ಹುಡುಗರಿಗೆ ಇದು ಬೇಕೇ ಬೇಕು. ಒಂದು ಭಾನುವಾರ ಮೇಷ್ಟ್ರು ಅಜ್ಜನನ್ನೇ ಒಳಗೆ ಕೂರಿಸಿ ಮುಚ್ಚಳ ಹಾಕಿದರಂತೆ. ಐದು ನಿಮಿಷದಲ್ಲಿ ಮೈ ಹೇಳಿತು, ನೆಟ್ಟಗೆ ಹೋಗ್ತಿದ್ದೀಯ ಅಂತ. ಮುಳ್ಳು ಹೇಳಿತು, ಬಲಕ್ಕೆ ಬಾಗಿದ್ದೀಯ ಅಂತ. ಅಜ್ಜ ಮೈಯ ಮಾತು ಕೇಳಿದರು. ವಿಮಾನ ಗಿರಗಿರ ಸುತ್ತಿತು. ಹೊರಗೆ ಬಂದಾಗ ಶರಟು ಹಿಂಡಿದರೆ ಒಂದು ಚೊಂಬು ಬೆವರು. ಹೊರಗೆ ಮೇಷ್ಟ್ರ ಮೇಜಿನ ಮೇಲೆ ನಕ್ಷೆ, ಅದರ ಮೇಲೆ ಮೂರು ಗಾಲಿಯ ಪುಟ್ಟ ಯಂತ್ರವೊಂದು ಶಿಷ್ಯ ಹಾರಿದ ದಾರಿಯನ್ನು ಶಾಯಿಯಲ್ಲಿ ಗೀಚುತ್ತಾ ಹೋಗುತ್ತದೆ. ಅದಕ್ಕೆ ಇಂಗ್ಲಿಷಿನಲ್ಲೂ ಏಡಿ ಅಂತಲೇ ಹೆಸರು. ಅಜ್ಜ ತುಳುವಿನಲ್ಲಿ ಡೆಂಜಿ ಅನ್ನುತ್ತಿದ್ದರು. "ಡೆಂಜಿ ಬರೆದದ್ದು ನೋಡಿದೆ, ನಮ್ಮ ಮನೆ ಅಂಗಳದಲ್ಲಿ ಕೋಳಿ ಕೆರೆದ ಹಾಗೆ ಇತ್ತು" ಅಂತ. ಆ ಮೇಲೆ ಪೈಲಟ್ ಆಗುವ ಆಸೆ ಬಿಟ್ಟರು.

1945ರ ಮಾರ್ಚಿನಲ್ಲಿ ವಾಯುಪಡೆಯ ಹೆಸರಿನ ಮುಂದೆ ರಾಯಲ್ ಅಂತ ಸೇರಿತು. ಊಟ ಮಾತ್ರ ಮೊದಲಿನದ್ದೇ ಇತ್ತಂತೆ. ಮರುವರ್ಷ ಬಿಡುಗಡೆಯಾಗಿ ಬಂದರು. ಊರಿನಲ್ಲಿ "ವಿಮಾನ ರಿಪೇರಿಯವರು" ಅಂತ ಹೆಸರಾಯಿತು. ಸೈಕಲ್ಲು, ಗ್ರಾಮಫೋನು, ಗೋಡೆ ಗಡಿಯಾರ ಎಲ್ಲ ಅವರ ಜಗಲಿಗೆ ಬಂದವು. ನಾನು ಮಾಡಿದ್ದು ಹಾರದ ವಿಮಾನ ಅಂತ ಅವರು ಹೇಳಿದರೂ ಯಾರೂ ನಂಬುತ್ತಿರಲಿಲ್ಲ, ತಮಾಷೆ ಅಂದುಕೊಳ್ಳುತ್ತಿದ್ದರು. ವಾಯುಪಡೆಯ ತರಬೇತಿ ಶಾಲೆಗಳ ಬಗ್ಗೆ ಬರೆದದ್ದನ್ನು ನಾನೂ ಅಷ್ಟಿಷ್ಟು ಓದಿದ್ದೇನೆ. ಪೈಲಟ್‌ಗಳ ಹೆಸರು ಸಿಗುತ್ತದೆ, ಪದಕದ ಪಟ್ಟಿ ಸಿಗುತ್ತದೆ, ಯಾವ ವಿಮಾನ ಯಾವ ತಿಂಗಳು ಬಂತು ಅನ್ನುವುದೂ ಸಿಗುತ್ತದೆ. ತಿದಿಗೆ ಪ್ಯಾಚು ಹಾಕಿದವರ ಸುದ್ದಿ ಇಲ್ಲ.

ಇನ್ನೊಂದು ವಿಷಯ ಹೇಳಿದ್ದಕ್ಕೆ ಆಚಾರ್ರಿಗೆ ನಗು ತಡೆಯಲಾಗಲಿಲ್ಲ. ಆಲ್ ಇಂಡಿಯಾ ರೇಡಿಯೋದವರು 1940ರಲ್ಲಿ ಹಾರ್ಮೋನಿಯಂಗೆ ಬಹಿಷ್ಕಾರ ಹಾಕಿದರು. ಗಮಕ ಬರುವುದಿಲ್ಲ, ಶ್ರುತಿ ನಮ್ಮದಲ್ಲ ಅಂತ ಕಾರಣ. 1971ರವರೆಗೆ ಅದಕ್ಕೆ ಒಳಗೆ ಜಾಗವಿರಲಿಲ್ಲ. ಅತ್ತ ತಿದಿಪೆಟ್ಟಿಗೆಯನ್ನು ಸರಕಾರದ ಒಂದು ಬಾಗಿಲಿನಿಂದ ಹೊರಗೆ ಹಾಕಿದ ವರ್ಷಗಳಲ್ಲೇ ಇತ್ತ ಇನ್ನೊಂದು ಬಾಗಿಲಿನಲ್ಲಿ ಅದರ ಬಂಧುವಿಗೆ ಸೆಲ್ಯೂಟು. "ನನ್ನ ಅಪ್ಪನಿಗೆ ಇದು ಗೊತ್ತಿದ್ದರೆ ಒಂದು ಕಾಗದ ಬರೀತಿದ್ದರು ರೇಡಿಯೋದವರಿಗೆ" ಅಂದರು.

ಇನ್ನು ಕೆಲಸದ ವಿಷಯ. ಶ್ರುತಿ ಮಾಡುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ಹಿತ್ತಾಳೆಯ ರೀಡನ್ನು, ಅಂದರೆ ಗಾಳಿಗೆ ಅದುರಿ ಸ್ವರ ಕೊಡುವ ನಾಲಿಗೆಯನ್ನು, ಸ್ವಲ್ಪವೇ ಎತ್ತಿ ಹಿಡಿದು, ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಕೆರೆಯುವುದು ಅಂದರೆ ಒಂದೆರಡು ಸಲ ಉಗುರು ತಾಗಿಸಿದಷ್ಟು, ಮತ್ತೆ ಗಾಳಿ ಕೊಟ್ಟು ಕೇಳುವುದು. ಮೊಬೈಲಿನಲ್ಲಿ ಟ್ಯೂನರ್ ಇಟ್ಟುಕೊಂಡಿದ್ದಾರೆ, ಆದರೆ ಅದನ್ನು ನೋಡುವುದು ಎಲ್ಲ ಮುಗಿದ ಮೇಲೆ, ಗಿರಾಕಿಗೆ ತೋರಿಸಲಿಕ್ಕೆ. ನಮ್ಮ ಗುಂಪು ಬಿಳಿ ಐದರ ಶ್ರುತಿಯಲ್ಲಿ ಹಾಡುವುದು ಅಂತ ಹೇಳಿದ್ದಕ್ಕೆ ಆ ಸುತ್ತಿನ ಮನೆಗಳನ್ನು, ಅಂದರೆ ಬೆರಳಲ್ಲಿ ಒತ್ತುವ ಕೀಲಿಗಳನ್ನು, ಎರಡೆರಡು ಸಲ ನೋಡಿದರು. ರೀಡು ಹಳೇ ಜರ್ಮನ್ ರೀಡು, ಬದಲಿಸಬೇಡಿ, ಯಾರು ಕೇಳಿದರೂ ಕೊಡಬೇಡಿ ಅಂತ ಎಚ್ಚರಿಕೆ ಕೂಡ ಕೊಟ್ಟರು. ಬೇರೆಯವರಾಗಿದ್ದರೆ ಇದು ಹೋಯಿತು ಅಂತ ಹೇಳಿ ಹೊಸತು ಹಾಕಿ ಹಳತನ್ನು ಇಟ್ಟುಕೊಳ್ಳುತ್ತಿದ್ದರು.

ಮಧ್ಯೆ ಎರಡು ಸಲ ಸುಮ್ಮನೆ ಹೋಗಿ ಬಂದೆ, ಫೋನ್ ಎತ್ತದ್ದರಿಂದ. ಬಾಗಿಲು ಹಾಕಿತ್ತು. ಒಮ್ಮೆ ಪೂಜೆ, ಇನ್ನೊಮ್ಮೆ ಮದುವೆ. ರಥಬೀದಿಗೆ ಬಂದು ಮಿತ್ರ ಸಮಾಜ ಹೋಟೆಲಿನಲ್ಲಿ ಗೋಳಿಬಜೆ ತಿಂದು ಹೊರಟೆ. ಅದರ ಖರ್ಚನ್ನೂ ರಿಪೇರಿಗೇ ಸೇರಿಸಬೇಕು.

ಒಂದು ಸ್ಟಾರ್ ಕಡಿಮೆಯಾದದ್ದು ಇದಕ್ಕೆಲ್ಲ ಅಲ್ಲ. ಅಜ್ಜನ ಪ್ಯಾಚನ್ನು ಹಾಗೇ ಬಿಡಿ ಅಂತ ನಾನು ಎರಡು ಸಲ ಹೇಳಿದ್ದೆ. ಪೆಟ್ಟಿಗೆ ತರಲು ಹೋದಾಗ ತಿದಿ ಪೂರ್ತಿ ಹೊಸತು, ನಾಲ್ಕು ಮೂಲೆಗೂ ಬಿಳಿ ಚರ್ಮ. ನನ್ನ ಮುಖ ನೋಡಿ ಆಚಾರ್ರು ಒಳಗಿನಿಂದ ಒಂದು ಸ್ವೀಟ್ ಬಾಕ್ಸ್ ತಂದರು. ಅದರೊಳಗೆ ಪೇಪರಿನಲ್ಲಿ ಸುತ್ತಿದ ಪ್ಯಾಚು. ಅರ್ಧ ಮಾತ್ರ. ಉಳಿದರ್ಧ ಬಿಡಿಸುವಾಗ ಪುಡಿಯಾಯಿತಂತೆ.

"ಅದನ್ನು ಬಿಟ್ಟರೆ ಹೊಸ ಮಡಿಕೆ ಕೂರುವುದಿಲ್ಲ ಟೀಚರೇ. ಒಂದು ಮೂಲೆ ಗಟ್ಟಿ, ಮೂರು ಮೂಲೆ ಮೆತ್ತಗೆ ಆದರೆ ತಿದಿ ಓರೆ ಏಳ್ತದೆ. ಅಜ್ಜನೂ ಇದ್ದಿದ್ದರೆ ಅದನ್ನೇ ಮಾಡ್ತಿದ್ದರು."

"ಮಾಡ್ತಿದ್ದರು, ಆದರೆ ಕೇಳಿ ಮಾಡ್ತಿದ್ದರು" ಅಂದೆ. ಅವರು ಸುಮ್ಮನಾದರು. ದುಡ್ಡು ಎಣಿಸುವಾಗ ನೂರು ರೂಪಾಯಿ ವಾಪಸು ಕೊಡಲು ಬಂದರು, ತೆಗೆದುಕೊಳ್ಳಲಿಲ್ಲ. ಮನೆಗೆ ಬಂದು ತಿದಿಯ ಮೂಲೆ ಸರಿಯಾಗಿ ನೋಡಿದೆ. ಚರ್ಮದ ಕೆಳಗೆ ಮಡಿಕೆ ಒಳಕ್ಕೆ ಎರಡು ಸಲ ಹೋಗಿದೆ. ನಾಲ್ಕು ಮೂಲೆಯಲ್ಲೂ.

ನವರಾತ್ರಿಯಲ್ಲಿ ಒಂಬತ್ತು ದಿನವೂ ನುಡಿಸಿದೆವು. ಒಮ್ಮೆ ತುಂಬಿಸಿದ ಗಾಳಿ ಪಲ್ಲವಿ, ಅನುಪಲ್ಲವಿ ದಾಟಿ ನಿಲ್ಲುತ್ತದೆ. ನುಡಿಸುವವಳ ಎಡಗೈ ನೋವು ಹೋಯಿತು. ತಾರದ ಒಂದು ಮನೆ ಮಾತ್ರ ಒತ್ತಿದರೆ ಕೆಲವೊಮ್ಮೆ ಏಳುವುದಿಲ್ಲ, ಬೆರಳಲ್ಲಿ ಎಬ್ಬಿಸಬೇಕು. ಅದನ್ನು ಸರಿ ಮಾಡಿಕೊಡಲು ದುಡ್ಡು ಬೇಡ ಅಂದಿದ್ದಾರೆ. ಹೋಗುವವರು ಬೆಳಿಗ್ಗೆ ಹತ್ತೂವರೆಯ ನಂತರ ಹೋಗಿ, ಫೋನ್ ಮಾಡುವ ತೊಂದರೆ ತೆಗೆದುಕೊಳ್ಳಬೇಡಿ, ಒಟ್ಟು ಎಷ್ಟಾಗುತ್ತದೆ ಅಂತ ಮೊದಲೇ ಕಾಗದದಲ್ಲಿ ಬರೆಸಿಕೊಳ್ಳಿ.

ಅಜ್ಜನ ಒಂದು ನೋಟ್‌ಬುಕ್ಕು ನನ್ನ ಹತ್ತಿರ ಉಂಟು. ಅದರಲ್ಲಿ ಆ ಹತ್ತು ತಿದಿಯ ಮೋಟಾರಿನ ಚಿತ್ರ, ಪೆನ್ಸಿಲಿನಲ್ಲಿ, ಒಂದೊಂದಕ್ಕೂ ನಂಬರು. ಆಚಾರ್ರು ಕೇಳಿದರು ಅಂತ ಜೆರಾಕ್ಸ್ ಮಾಡಿಸಿ ಕೊಟ್ಟೆ. ಕಳೆದ ವಾರ ರಥಬೀದಿಯಲ್ಲಿ ಸಿಕ್ಕಿದವರು ಕುಶಲ ಕೂಡ ವಿಚಾರಿಸದೆ, "ಟೀಚರೇ, ಏಳನೇ ನಂಬರಿನ ವಾಲ್ವು ಅಜ್ಜ ಉಲ್ಟಾ ಬರೆದಿದ್ದಾರೆ, ಹಾಗಿದ್ದರೆ ಅದು ತಿರುಗುವುದೇ ಇಲ್ಲ" ಅಂದರು. ನಾನು ಮನೆಗೆ ಬಂದು ಮೂರು ಸಲ ನೋಡಿದೆ. ಅಜ್ಜ ಬರೆದದ್ದು ಸರಿಯಾಗಿಯೇ ಉಂಟು, ಇವರು ಜೆರಾಕ್ಸನ್ನು ತಲೆಕೆಳಗೆ ಹಿಡಿದಿರಬೇಕು. ಸೋಮವಾರ ಆ ಏಳದ ಮನೆಯನ್ನು ತೋರಿಸಲು ಹೋಗುವುದುಂಟು, ನೋಟ್‌ಬುಕ್ಕನ್ನೂ ಚೀಲಕ್ಕೆ ಹಾಕಿಟ್ಟಿದ್ದೇನೆ.